ಎಲೆಯ ಮೇಲೆ ಬೀಳುವ ಬೆಳಕು

ಉತ್ತರದ ಬಾಲ್ಕನಿಗೆ ಬಿಸಿಲೇ ಬರಲ್ಲ ಅನ್ನುವ ಮಾತು ಬೆಂಗಳೂರಿನ ಮಟ್ಟಿಗೆ ಪೂರ್ತಿ ನಿಜವಲ್ಲ. ನಮ್ಮೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲುತ್ತಾನೆ. ತಿರುಗಿ ದಕ್ಷಿಣಕ್ಕೆ ಬರುವುದು ಆಗಸ್ಟ್ ನಡುವಿನಲ್ಲಿ. ಈ ತಿಂಗಳುಗಳಲ್ಲಿ ಬೆಳಿಗ್ಗೆ, ಸಂಜೆ ಉತ್ತರದ ಬಾಲ್ಕನಿಗೆ ಓರೆ ಬಿಸಿಲು ಬೀಳುತ್ತದೆ. ಆಗ ದಕ್ಷಿಣದ ಬಾಲ್ಕನಿ ಸಜ್ಜದ ನೆರಳಿನಲ್ಲಿರುತ್ತದೆ. ಡಿಸೆಂಬರ್‌ನಲ್ಲಿ ಲೆಕ್ಕ ಉಲ್ಟಾ. ದಕ್ಷಿಣದ ಕಿಟಕಿಯಿಂದ ಬಿಸಿಲು ಹಾಲ್‌ವರೆಗೂ ಬರುತ್ತದೆ.

ಮನೆಯೊಳಗಿನ ಗಿಡಕ್ಕೆ, ಬೋನ್ಸಾಯ್‌ಗೆ ಯಾವ ಲೈಟ್ ತಗೋಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು ಇದನ್ನೇ. ನಿಮ್ಮ ಕಿಟಕಿ ಯಾವ ದಿಕ್ಕಿಗಿದೆ? ಎದುರಿಗೆ ಏನಿದೆ? ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಯಾದರೆ ಎರಡನೇ ಪ್ರಶ್ನೆಯೇ ಮುಖ್ಯ. ಕಿಟಕಿ ತೆರೆದರೆ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಪಕ್ಕದ ಮನೆಯ ಗೋಡೆ. ಆ ಸಂದಿನಲ್ಲಿ ಸೂರ್ಯ ಕಾಣುವುದು ಮಧ್ಯಾಹ್ನ ಸ್ವಲ್ಪ ಹೊತ್ತು ಮಾತ್ರ. ಆ ಗೋಡೆಗೆ ಬಿಳಿ ಬಣ್ಣ ಇದ್ದರೆ ಒಂದಿಷ್ಟು ಬೆಳಕು ಒಳಗೆ ಚಿಮ್ಮುತ್ತದೆ. ಬರೀ ಸಿಮೆಂಟ್ ಗೋಡೆಯಾದರೆ ಅದೂ ಇಲ್ಲ. ಇನ್ನು ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸದ ಮನೆ ನಮ್ಮೂರಲ್ಲಿ ಎಷ್ಟಿವೆ? ಆ ಜಾಲರಿ, ಅದರ ಮೇಲೆ ಕೂತ ಧೂಳು ಸೇರಿದರೆ ಬರುವ ಬೆಳಕಿನಲ್ಲಿ ಕಾಲು ಭಾಗ, ಕೆಲವು ಕಡೆ ಅದಕ್ಕಿಂತ ಜಾಸ್ತಿ, ಅಲ್ಲೇ ನಿಂತುಹೋಗುತ್ತದೆ.

ಇಷ್ಟನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಗ್ರೋ ಲೈಟ್, ಅಂದರೆ ಗಿಡ ಬೆಳೆಯಲೆಂದು ಹಾಕುವ ದೀಪದ ಬಗ್ಗೆ ನಾವು ಓದುವ ಸಲಹೆಗಳಲ್ಲಿ ಬಹುಪಾಲು ಚಳಿ ದೇಶಗಳಲ್ಲಿ ಹುಟ್ಟಿದ್ದು. ಅಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಹಗಲು ತೀರಾ ಚಿಕ್ಕದು. ಹೊರಗೆ ಹಿಮ. ಹಾಗಾಗಿ ಅಲ್ಲಿನವರು ಚಳಿಗಾಲದಲ್ಲಿ ಗಿಡಗಳನ್ನು ಒಳಗೆ ತಂದು ದೀಪ ಹಾಕುತ್ತಾರೆ. ನಮಗೆ ಆ ಕಷ್ಟವಿಲ್ಲ. ಬೆಂಗಳೂರಿನಲ್ಲಿ ಡಿಸೆಂಬರ್‌ನ ಹಗಲೂ 11 ಗಂಟೆಗಿಂತ ಜಾಸ್ತಿ ಇರುತ್ತದೆ, ಜೂನ್‌ನಲ್ಲಿ 13 ಗಂಟೆಯ ಹತ್ತಿರ ಹೋಗುತ್ತದೆ. ವರ್ಷವಿಡೀ ಹೆಚ್ಚು ವ್ಯತ್ಯಾಸವಿಲ್ಲ. ನಮ್ಮ ಬೆಳಕಿನ ಬರ ಬರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮೋಡ ಮುಚ್ಚಿದಾಗ. ಮಿಕ್ಕ ತಿಂಗಳಲ್ಲಿ ಬೆಳಕು ಕಡಿಮೆಯಾದರೆ ಅದಕ್ಕೆ ಕಾರಣ ಗೋಡೆ, ಆಕಾಶವಲ್ಲ. ಅದಕ್ಕೇ ಬೆಂಗಳೂರಿನವರು ದೀಪವನ್ನು ಸೂರ್ಯನ ಬದಲಿಗೆ ಅಂತ ಯೋಚಿಸಬಾರದು, ಸೂರ್ಯ ಬಿಟ್ಟಲ್ಲಿ ತುಂಬುವುದಕ್ಕೆ ಅಂತ ಯೋಚಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಟೆರೇಸ್‌ಗೆ ಹೋಗಲು ಅವಕಾಶವಿರುವವರು ಲೈಟಿಗೆ ದುಡ್ಡು ಹಾಕುವ ಮುಂಚೆ ಮೆಟ್ಟಿಲು ಹತ್ತಿ ನೋಡುವುದು ಒಳ್ಳೆಯದು.

ಈಗ ಕಣ್ಣಿನ ವಿಷಯ. ನಮ್ಮ ಕಣ್ಣು ಬೆಳಕನ್ನು ಅಳೆಯುವುದಿಲ್ಲ, ಹೊಂದಿಕೊಳ್ಳುತ್ತದೆ. ಟೆರೇಸ್‌ನಿಂದ ಹಾಲ್‌ಗೆ ಬಂದರೆ ಅರ್ಧ ನಿಮಿಷ ಕತ್ತಲು ಅನ್ನಿಸುತ್ತದೆ, ಆಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಮೀಟರ್ ಹಿಡಿದರೆ ಮಾತ್ರ ನಿಜ ಗೊತ್ತಾಗುತ್ತದೆ. ತಿಳಿ ಆಕಾಶದ ಮಧ್ಯಾಹ್ನ ಟೆರೇಸ್ ಮೇಲೆ ಸುಮಾರು ಒಂದು ಲಕ್ಷ ಲಕ್ಸ್ (ಬೀಳುವ ಬೆಳಕಿನ ಅಳತೆ). ದಟ್ಟ ಮೋಡದ ದಿನವೂ 10 ಸಾವಿರ ದಾಟುತ್ತದೆ. ಅದೇ ಹೊತ್ತಿಗೆ ನೇರ ಬಿಸಿಲು ಬೀಳದ ಕಿಟಕಿಯ ಕಟ್ಟೆ ಮೇಲೆ ಎರಡು, ಮೂರು ಸಾವಿರ. ಕಿಟಕಿಯಿಂದ ಆರೇಳು ಅಡಿ ಒಳಗೆ, ಟಿವಿ ಪಕ್ಕದ ಮೂಲೆಯಲ್ಲಿ, ನೂರೋ ಇನ್ನೂರೋ. ಅಂದರೆ ಟೆರೇಸ್‌ನಲ್ಲಿ ಇರುವುದರ ಐನೂರರಲ್ಲೋ ಸಾವಿರದಲ್ಲೋ ಒಂದು ಭಾಗ. ನಮಗೆ ಪೇಪರ್ ಓದಲು ಅಷ್ಟು ಸಾಕು. ಗಿಡಕ್ಕೆ ಅಲ್ಲಿ ಹೊಟ್ಟೆ ತುಂಬುವುದಿಲ್ಲ.

ಲಕ್ಸ್ ಮೀಟರ್ ಒಂದು ಸಾವಿರ, ಒಂದೂವರೆ ಸಾವಿರ ರೂಪಾಯಿಗೆ ಸಿಗುತ್ತದೆ. ಅದು ಬೇಡ ಅಂದರೆ ಮೊಬೈಲ್‌ನಲ್ಲಿ ಲಕ್ಸ್ ಆ್ಯಪ್ ಹಾಕಿಕೊಳ್ಳಬಹುದು. ಒಂದು ಮೊಬೈಲ್ ತೋರಿಸುವ ಸಂಖ್ಯೆ ಇನ್ನೊಂದಕ್ಕೆ ಹೊಂದುವುದಿಲ್ಲ ನಿಜ. ಆದರೆ ಒಂದೇ ಮೊಬೈಲ್‌ನಲ್ಲಿ ಮನೆಯ ಬೇರೆ ಬೇರೆ ಜಾಗ ಹೋಲಿಸಿ ನೋಡಲು ಧಾರಾಳವಾಗಿ ಸಾಕು. ಎಲೆ ಇರುವ ಎತ್ತರದಲ್ಲಿ, ಸೆನ್ಸರ್ ಬೆಳಕಿನ ಕಡೆ ಮುಖ ಮಾಡುವ ಹಾಗೆ ಹಿಡಿಯಬೇಕು. ಅದೂ ಇಲ್ಲದಿದ್ದರೆ, ಗಿಡದ ಜಾಗದಲ್ಲಿ ಬಿಳಿ ಹಾಳೆ ಇಟ್ಟು ಅದರ ಒಂದಡಿ ಮೇಲೆ ಕೈ ಹಿಡಿಯಿರಿ. ಬೆರಳುಗಳ ನೆರಳು ಸ್ಪಷ್ಟವಾಗಿ ಬಿದ್ದರೆ ಬೆಳಕು ಚೆನ್ನಾಗಿದೆ. ಮಸುಕು ಮಸುಕಾಗಿ ಬಿದ್ದರೆ ಸಾಧಾರಣ. ನೆರಳೇ ಗುರುತು ಸಿಗದಿದ್ದರೆ ಅಲ್ಲಿ ದೀಪ ಬೇಕು.

ನಮ್ಮ ಕೆಳಗಿನ ಮನೆಯ ಆಂಟಿ ಒಮ್ಮೆ ಫೈಕಸ್ (ಆಲ, ಅರಳಿಯ ಕುಟುಂಬದ್ದು) ಗಿಡದ ಕುಂಡ ಎತ್ತಿಕೊಂಡೇ ಮೇಲೆ ಬಂದಿದ್ದರು. ಎಲೆ ಎಲ್ಲ ಉದುರುತ್ತಿತ್ತು.

"ನೋಡಪ್ಪಾ, ದಿನಾ ನೀರು ಹಾಕ್ತೀನಿ. ಗೊಬ್ಬರಾನೂ ಹಾಕ್ದೆ. ಆದ್ರೂ ಹಿಂಗಾಗಿದೆ."

"ಎಲ್ಲಿ ಇಟ್ಟಿದ್ರಿ ಆಂಟಿ?"

"ಹಾಲ್‌ನಲ್ಲೇ, ಷೋಕೇಸ್ ಪಕ್ಕ. ಅಲ್ಲಿ ಚೆಂದ ಕಾಣುತ್ತೆ."

ಮಣ್ಣಿಗೆ ಬೆರಳು ಹಾಕಿದರೆ ಒದ್ದೆ, ಜೊತೆಗೆ ಹುಳಿ ವಾಸನೆ. ಕುಂಡ ಅಲುಗಿಸಿದರೆ ಸಣ್ಣ ಕಪ್ಪು ನೊಣ ಏಳುತ್ತಿದ್ದವು. ನಾನು ನೋಡಿರುವ ಮಟ್ಟಿಗೆ ಮನೆಯೊಳಗಿನ ಗಿಡ ಸಾಯುವುದು ಹೆಚ್ಚಾಗಿ ಹೀಗೇ. ನೋಡಿದವರು ನೀರು ಜಾಸ್ತಿ ಆಯ್ತು ಅನ್ನುತ್ತಾರೆ. ಆದರೆ ಅದೇ ನೀರು ಬಾಲ್ಕನಿಯಲ್ಲಿ ಜಾಸ್ತಿ ಆಗುತ್ತಿರಲಿಲ್ಲ. ಬೆಳಕು ಇದ್ದರೆ ಎಲೆ ಕೆಲಸ ಮಾಡುತ್ತದೆ, ಬೇರು ನೀರು ಎಳೆಯುತ್ತದೆ, ಮಣ್ಣು ಒಣಗುತ್ತದೆ. ಬೆಳಕು ಇಲ್ಲದಿದ್ದರೆ ನೀರು ಹಾಗೇ ನಿಂತು ಬೇರು ಕೊಳೆಯುತ್ತದೆ. ಅಂಥ ಗಿಡಕ್ಕೆ ಗೊಬ್ಬರ ಹಾಕುವುದು ಹಸಿದವನ ಎಲೆಗೆ ಬರೀ ಉಪ್ಪಿನಕಾಯಿ ಬಡಿಸಿದ ಹಾಗೆ. ಊಟ ಅಂದರೆ ಬೆಳಕು. ಸಕ್ಕರೆ ತಯಾರಾಗುವುದು ಅದರಿಂದಲೇ.

ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಝೀಝೀ ಪ್ಲಾಂಟ್ ಇಂಥವು ಕಡಿಮೆ ಬೆಳಕಿನಲ್ಲೂ ತಡೆದುಕೊಳ್ಳುತ್ತವೆ. ಬೆಳೆಯದಿದ್ದರೂ ಬದುಕಿರುತ್ತವೆ. ಬೋನ್ಸಾಯ್‌ಗೆ ಅಷ್ಟು ಸಾಲದು. ಬೋನ್ಸಾಯ್ ಅಂದರೆ ಮರದ ರೂಪವನ್ನು ಚಿಕ್ಕ ಅಳತೆಯಲ್ಲಿ ಹಿಡಿದಿಡುವುದು. ಎಲೆ ಚಿಕ್ಕದಿರಬೇಕು, ಗೆಣ್ಣಿನಿಂದ ಗೆಣ್ಣಿಗೆ ಅಂತರ ಕಡಿಮೆ ಇರಬೇಕು, ಸಣ್ಣ ರೆಂಬೆಗಳು ಒತ್ತಾಗಿ ಕವಲೊಡೆಯಬೇಕು. ಕತ್ತರಿ, ತಂತಿ, ಚಿಕ್ಕ ಕುಂಡ ಎಲ್ಲ ಸಹಾಯ ಮಾಡುತ್ತವೆ. ಆದರೆ ಇವಕ್ಕೆಲ್ಲ ತಳಹದಿ ಬೆಳಕು.

ನನ್ನ ಹತ್ತಿರ ಇರುವ ಒಂದು ಫೈಕಸ್ ಮೈಕ್ರೋಕಾರ್ಪಾದ ರೆಂಬೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ರೆಂಬೆಯ ಬುಡದ ಕಡೆಯ ಎಲೆಗಳು ಟೆರೇಸ್ ಮೇಲೆ ಬಂದವು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು, ದಪ್ಪ, ಕಡು ಹಸಿರು, ಮಡಿಚಿದರೆ ಟಕ್ ಅನ್ನುತ್ತವೆ. ಗೆಣ್ಣುಗಳು ಒಂದರ ಪಕ್ಕ ಒಂದು ಒತ್ತಿಕೊಂಡಿವೆ. ಅದೇ ರೆಂಬೆ ಮಳೆಗಾಲದಲ್ಲಿ ಕಿಟಕಿ ಪಕ್ಕ, ಲೈಟ್ ಇಲ್ಲದೆ ಬೆಳೆದ ಭಾಗದಲ್ಲಿ ಎಲೆ ಎರಡು ಪಟ್ಟು ಉದ್ದ. ತೆಳ್ಳಗೆ, ತಿಳಿ ಹಸಿರು, ಜೋತುಬಿದ್ದಿವೆ. ಎರಡು ಎಲೆಗಳ ನಡುವೆ ಬೆರಳು ತೂರಿಸುವಷ್ಟು ಖಾಲಿ ಕಾಂಡ. ಅದರ ಮುಂದೆ, ಲೈಟ್ ಕೆಳಗೆ ಇಟ್ಟ ಮೇಲೆ ಬಂದ ಚಿಗುರಿನಲ್ಲಿ ಗೆಣ್ಣುಗಳು ಮತ್ತೆ ಹತ್ತಿರ ಬಂದಿವೆ. ಟೆರೇಸ್‌ನಷ್ಟು ಅಲ್ಲ, ಆದರೂ ಹತ್ತಿರ. ಯಾವ ಬೆಳಕಿನಲ್ಲಿ ಎಷ್ಟು ಬೆಳೆಯಿತು ಅನ್ನುವುದೆಲ್ಲ ಆ ಒಂದೇ ರೆಂಬೆಯಲ್ಲಿ ಬರೆದಿಟ್ಟಿದೆ. ಉದ್ದವಾದ ಆ ನಡುವಿನ ಭಾಗವನ್ನು ಇನ್ನು ಯಾವ ದೀಪವೂ ಗಿಡ್ಡ ಮಾಡುವುದಿಲ್ಲ. ಒತ್ತಾದ ಗೆಣ್ಣಿನವರೆಗೆ ಕತ್ತರಿಸಿ ಹೊಸ ಚಿಗುರಿಗೆ ಕಾಯಬೇಕು.

ಒಳಗೆ ಇಡಲು ನಾನು ಒಪ್ಪುವ ಬೋನ್ಸಾಯ್‌ಗಳು ಕೆಲವೇ. ಫೈಕಸ್ ಜಾತಿಯವು ಮೊದಲು. ಆಲ, ಅರಳಿ, ಬಸರಿ, ಅತ್ತಿ ಎಲ್ಲವೂ ಅದೇ ಕುಟುಂಬ, ಆದರೆ ಅರಳಿ ಮತ್ತು ಆಲದ ಎಲೆ ದೊಡ್ಡದು, ಮನೆಯೊಳಗಿನ ಬೆಳಕಿನಲ್ಲಿ ಚಿಕ್ಕದಾಗುವುದಿಲ್ಲ. ಮೈಕ್ರೋಕಾರ್ಪಾದಂಥ ಸಣ್ಣ ಎಲೆಯವು ಲೈಟಿಗೆ ಚೆನ್ನಾಗಿ ಒಗ್ಗುತ್ತವೆ. ಆಫ್ರಿಕಾದ ಪೋರ್ಟುಲಕೇರಿಯಾ, ಅದನ್ನು ನರ್ಸರಿಯಲ್ಲಿ ಜೇಡ್ ಅಂತಲೇ ಕೊಡುತ್ತಾರೆ, ಅದು ಒಣ ಗಾಳಿಗೂ ಜಗ್ಗುವುದಿಲ್ಲ, ಆದರೆ ಬೆಳಕು ಜಾಸ್ತಿ ಕೇಳುತ್ತದೆ. ಕಾರ್ಮೋನಾ ಅನ್ನುವ ಸಣ್ಣ ಎಲೆಯ ಪೊದೆ ಗಿಡ ಪರವಾಗಿಲ್ಲ. ಬೋಗನ್‌ವಿಲ್ಲಾ, ಅಡೀನಿಯಂ, ಹುಣಸೆ ಇವೆಲ್ಲ ಬಿಸಿಲಿನ ಮಕ್ಕಳು. ಇವನ್ನು ಒಳಗೆ ಇಟ್ಟು ಹೂ ಬರಲಿ ಅಂತ ಕಾಯುವುದು ಬೇಡ. ಜುನಿಪರ್ (ಚಳಿ ದೇಶಗಳ ಸೂಜಿ ಎಲೆಯ ಮರ) ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಉಡುಗೊರೆಗೆ ಅಂತ ಮಾರುವ ಆ ಚಂದದ ಪುಟ್ಟ ಜುನಿಪರ್ ಮನೆಯೊಳಗಿನ ಗಿಡವೇ ಅಲ್ಲ. ಅದು ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ಕಾಣುತ್ತದೆ, ಅದಕ್ಕೇ ಜನ ಚೆನ್ನಾಗಿದೆ ಅಂದುಕೊಂಡಿರುತ್ತಾರೆ. ಲಾಲ್‌ಬಾಗ್‌ನ ಬೋನ್ಸಾಯ್ ತೋಟಕ್ಕೆ ಹೋದವರು ಗಮನಿಸಿರಬಹುದು, ಮರಗಳೆಲ್ಲ ಬಯಲಲ್ಲೇ ನಿಂತಿವೆ.

ಇನ್ನು ದೀಪಕ್ಕೆ ಬರೋಣ. ಆನ್‌ಲೈನ್‌ನಲ್ಲಿ ಗ್ರೋ ಲೈಟ್ ಅಂತ ಹುಡುಕಿದರೆ ಮೊದಲು ಸಿಗುವುದು ನೇರಳೆ ಬಣ್ಣದ ದೀಪಗಳು. ಅವುಗಳ ಹಿಂದಿನ ವಾದ ಸರಳ. ಎಲೆಯಲ್ಲಿರುವ ಕ್ಲೋರೋಫಿಲ್ ಕೆಂಪು ಮತ್ತು ನೀಲಿ ಬೆಳಕನ್ನು ಚೆನ್ನಾಗಿ ಹೀರುತ್ತದೆ, ಹಸಿರನ್ನು ಬಿಡುತ್ತದೆ, ಹಾಗಾಗಿ ಹಸಿರು ವ್ಯರ್ಥ ಅಂತ. ಗಾಜಿನ ನಳಿಗೆಯಲ್ಲಿರುವ ಕ್ಲೋರೋಫಿಲ್‌ಗೆ ಇದು ಸರಿ. ಇಡೀ ಎಲೆಗೆ ಅಲ್ಲ. 1970ರ ದಶಕದ ಆರಂಭದಲ್ಲೇ ಕೀತ್ ಮೆಕ್‌ಕ್ರೀ ಅನ್ನುವ ವಿಜ್ಞಾನಿ ಹಲವು ಬೆಳೆಗಳ ಎಲೆಗಳ ಮೇಲೆ ಒಂದೊಂದೇ ಬಣ್ಣದ ಬೆಳಕು ಬಿಟ್ಟು ಅಳೆದರು. ಹಸಿರು ಬೆಳಕೂ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ಕೆಂಪಿಗಿಂತ ಸ್ವಲ್ಪ ಕಡಿಮೆ ಅಷ್ಟೇ. ಅದರ ಮೇಲೆ ಇನ್ನೊಂದು ಲಾಭ ಇದೆ. ಕೆಂಪು, ನೀಲಿ ಎಲೆಯ ಮೇಲ್ಪದರದಲ್ಲೇ ಹೆಚ್ಚಾಗಿ ಮುಗಿದುಹೋಗುತ್ತವೆ. ಹಸಿರು ಒಳಗಿನ ಪದರಕ್ಕೂ, ಕೆಳಗಿನ ಎಲೆಗೂ ಇಳಿಯುತ್ತದೆ. ಒತ್ತಾಗಿ ಎಲೆ ತುಂಬಿದ ಬೋನ್ಸಾಯ್‌ಗೆ ಇದು ಸಣ್ಣ ಮಾತಲ್ಲ.

ಅದಕ್ಕೇ ನನ್ನ ಆಯ್ಕೆ ಬಿಳಿ ಎಲ್‌ಇಡಿ. ಬಿಳಿ ಎಲ್‌ಇಡಿ ಒಳಗೆ ಇರುವುದು ನೀಲಿ ಚಿಪ್. ಅದರ ಮೇಲಿನ ಹಳದಿ ಫಾಸ್ಫರ್ ಲೇಪನ ನೀಲಿಯ ಒಂದು ಪಾಲನ್ನು ಹಸಿರು, ಹಳದಿ, ಕೆಂಪಾಗಿ ಬದಲಿಸುತ್ತದೆ. ನಾವು ಇವತ್ತು ಇಷ್ಟು ಅಗ್ಗವಾಗಿ ದೀಪ ಹಾಕುತ್ತಿರುವುದಕ್ಕೆ ಆ ನೀಲಿ ಚಿಪ್ ಕಾರಣ. ಅದನ್ನು ಸಾಧಿಸಿದ ವಿಜ್ಞಾನಿಗಳಾದ ಅಕಾಸಾಕಿ, ಅಮಾನೋ, ನಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಗಿಡಕ್ಕೆ ಬೇಕಾದ 400ರಿಂದ 700 ನ್ಯಾನೋಮೀಟರ್ ಒಳಗಿನ ಬೆಳಕು ಸಾಮಾನ್ಯ ಬಿಳಿ ಟ್ಯೂಬಿನಲ್ಲೂ ಇದೆ. 'ಫುಲ್ ಸ್ಪೆಕ್ಟ್ರಮ್' ಅಂತ ಡಬ್ಬದ ಮೇಲೆ ಬರೆದು ನಾಲ್ಕು ಪಟ್ಟು ಬೆಲೆ ಹೇಳಿದರೆ ಅದು ನಿಜಕ್ಕೂ ಏನು ಜಾಸ್ತಿ ಕೊಡುತ್ತಿದೆ ಅಂತ ಕೇಳಬೇಕು.

ಕೇಳಬೇಕಾದ್ದು ಇಷ್ಟು. ಗೋಡೆಯ ಪ್ಲಗ್‌ನಿಂದ ಎಳೆಯುವ ನಿಜವಾದ ವ್ಯಾಟ್ ಎಷ್ಟು? '1000 ವ್ಯಾಟ್' ಅಂತ ದೊಡ್ಡದಾಗಿ ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ ನೂರು ವ್ಯಾಟ್ ಅಂತ ಇರುವ ದೀಪಗಳಿವೆ. ಲ್ಯೂಮೆನ್, ಅಂದರೆ ದೀಪ ಕೊಡುವ ಒಟ್ಟು ಬೆಳಕು, ಎಷ್ಟು? ಒಂದು ವ್ಯಾಟ್‌ಗೆ 100 ಲ್ಯೂಮೆನ್ ಬಂದರೆ ಸರಿ, ಜಾಸ್ತಿ ಬಂದರೆ ಇನ್ನೂ ಒಳ್ಳೆಯದು. ಬಣ್ಣದ ಉಷ್ಣತೆ (ಬಿಳಿ ಬೆಳಕು ಹಳದಿಗೆ ವಾಲಿದೆಯಾ, ನೀಲಿಗೆ ವಾಲಿದೆಯಾ ಅನ್ನುವುದು) 4000ದಿಂದ 6500 ಕೆಲ್ವಿನ್ ನಡುವೆ ಯಾವುದಾದರೂ ನಡೆಯುತ್ತದೆ. ಗಿಡಕ್ಕೆ ಇದರಲ್ಲಿ ದೊಡ್ಡ ಭೇದವಿಲ್ಲ, ಮನೆಯವರ ಕಣ್ಣಿಗೆ ಭೇದವಿದೆ. ನಿಜವಾದ ಗ್ರೋ ಲೈಟ್‌ಗಳಲ್ಲಿ ಒಳ್ಳೆಯವೂ ಇವೆ, ಅವು ಅದೇ ಕರೆಂಟಿಗೆ ಮಾಮೂಲಿ ಟ್ಯೂಬಿಗಿಂತ ಜಾಸ್ತಿ ಬೆಳಕು ಕೊಡುತ್ತವೆ. ಅವುಗಳನ್ನು ತಯಾರಿಸುವವರು ಪಿಪಿಎಫ್‌ಡಿ ಅನ್ನುವ ಸಂಖ್ಯೆ ಕೊಡುತ್ತಾರೆ, ಅಂದರೆ ಗಿಡಕ್ಕೆ ಉಪಯೋಗವಾಗುವ ಬೆಳಕು ಎಷ್ಟು ಬೀಳುತ್ತದೆ ಅನ್ನುವ ಅಳತೆ. ಅದು ಎಷ್ಟು ದೂರದಲ್ಲಿ ಅಳೆದದ್ದು ಅಂತ ಹೇಳದಿದ್ದರೆ ಆ ಸಂಖ್ಯೆಗೆ ಬೆಲೆ ಇಲ್ಲ.

ಯಾಕಂದರೆ ಎಲ್ಲ ಇರುವುದು ದೂರದಲ್ಲೇ. ಮನೆಯಲ್ಲಿರುವ 9 ವ್ಯಾಟ್ ಎಲ್‌ಇಡಿ ಬಲ್ಬ್ ತಗೊಳ್ಳಿ. ಎಲೆಯಿಂದ ಒಂದಡಿ ಮೇಲಿದ್ದರೆ ಸುಮಾರು 2000 ಲಕ್ಸ್ ಸಿಗುತ್ತದೆ. ಎರಡಡಿಗೆ ಏರಿಸಿದರೆ 500. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಅದೇ ಬಲ್ಬ್ ಚಾವಣಿಯಲ್ಲಿದ್ದರೆ ಮೇಜಿನ ಮೇಲಿನ ಗಿಡಕ್ಕೆ ತಲುಪುವುದು ಲೆಕ್ಕಕ್ಕೆ ಬಾರದಷ್ಟು. ಚಾವಣಿಯ ಹೋಲ್ಡರಿಗೆ 'ಗಿಡಕ್ಕೆ ಒಳ್ಳೆಯ' ಬಲ್ಬ್ ಹಾಕಿಸಿಕೊಂಡವರನ್ನು ನೋಡಿದ್ದೇನೆ. ಮನೆ ಬೆಳಗುತ್ತದೆ, ಗಿಡ ಹಾಗೇ ಇರುತ್ತದೆ. ಉದ್ದ ಟ್ಯೂಬುಗಳನ್ನು ಪಕ್ಕಪಕ್ಕ ಜೋಡಿಸಿದರೆ ಬೆಳಕು ಇಷ್ಟು ಬೇಗ ಕುಸಿಯುವುದಿಲ್ಲ, ಶೆಲ್ಫಿನ ಉದ್ದಕ್ಕೂ ಸಮನಾಗಿ ಹರಡುತ್ತದೆ. ಎಲ್‌ಇಡಿ ಟ್ಯೂಬು ತೀರಾ ಬಿಸಿಯಾಗುವುದಿಲ್ಲವಾದ್ದರಿಂದ ಎಲೆಯ ಅರ್ಧ ಅಡಿ ಹತ್ತಿರಕ್ಕೂ ತರಬಹುದು. ಕೈ ಇಟ್ಟು ನೋಡಿ. ನಿಮ್ಮ ಕೈಗೆ ಬೆಚ್ಚಗೆ ಅನ್ನಿಸದಿದ್ದರೆ ಎಲೆಗೂ ತೊಂದರೆ ಇಲ್ಲ.

ನಾನು ಮಾಡಿಕೊಂಡಿರುವುದು ಹೀಗೆ. ಕಬ್ಬಿಣದ ಸ್ಲಾಟೆಡ್ ಆ್ಯಂಗಲ್ ರ‍್ಯಾಕ್, ಪಾತ್ರೆ ಇಡಲು, ಗೋಡೌನಿನಲ್ಲಿ ಎಲ್ಲ ಬಳಸುತ್ತಾರಲ್ಲ, ಅದು. ಮೇಲಿನ ತಟ್ಟೆಯ ಅಡಿಗೆ ನಾಲ್ಕಡಿ ಉದ್ದದ 20 ವ್ಯಾಟ್‌ನ ನಾಲ್ಕು ಎಲ್‌ಇಡಿ ಬ್ಯಾಟನ್ (ಪಟ್ಟಿಯಂಥ ಟ್ಯೂಬ್‌ಲೈಟ್). ಒಂದೊಂದೂ ಸುಮಾರು 2000 ಲ್ಯೂಮೆನ್. ಎಸ್.ಪಿ. ರೋಡ್ ಕಡೆ ಹೋದರೆ ಬ್ಯಾಟನ್, ಟೈಮರ್, ವೈರ್, ಕ್ಲಿಪ್ಪು ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತದೆ. ತಟ್ಟೆಯ ಒಳಮೈಗೆ ಬಿಳಿ ಪೇಂಟ್, ಹಿಂಭಾಗಕ್ಕೆ ಬಿಳಿ ಫೋಮ್ ಶೀಟ್. ಆ ಬಿಳಿ ಬೆನ್ನು ಬಹಳ ಮುಖ್ಯ, ಇಲ್ಲದಿದ್ದರೆ ಬೆಳಕಿನ ಒಂದು ಪಾಲು ಹಾಲ್‌ಗೆ ಹೋಗಿ ಯಾರಿಗೂ ಉಪಯೋಗವಿಲ್ಲ. ಎಲೆಯ ಎತ್ತರದಲ್ಲಿ, ಮಧ್ಯದಲ್ಲಿ, ಸುಮಾರು 12 ಸಾವಿರ ಲಕ್ಸ್. ಅಂಚಿನಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಫೈಕಸ್ ಮತ್ತು ಜೇಡ್ ನಡುವೆ, ಪೀಸ್ ಲಿಲಿ, ಜರಿಗಿಡ ಅಂಚಿಗೆ.

12 ಸಾವಿರ ಲಕ್ಸ್ ಅಂದರೆ ಗಿಡದ ಲೆಕ್ಕದಲ್ಲಿ ಎಷ್ಟು? ಲಕ್ಸ್ ನಮ್ಮ ಕಣ್ಣಿನ ಅಳತೆ. ಗಿಡದ ಅಳತೆ ಪ್ರತಿ ಚದರ ಮೀಟರ್‌ಗೆ, ಪ್ರತಿ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಫೋಟಾನ್ (ಬೆಳಕಿನ ಕಣ) ಬೀಳುತ್ತದೆ ಅಂತ. ಅದೇ ಪಿಪಿಎಫ್‌ಡಿ. ಬಿಳಿ ಎಲ್‌ಇಡಿಯ ಲಕ್ಸ್ ಅನ್ನು 70ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಅದು ಸಿಗುತ್ತದೆ. ಇಲ್ಲಿ 170. ಅದನ್ನು ಗಂಟೆಗಳಿಂದ ಗುಣಿಸಿ, ಮತ್ತೆ 0.0036ರಿಂದ (ಗಂಟೆಗೆ 3600 ಸೆಕೆಂಡು, ಹತ್ತು ಲಕ್ಷ ಮೈಕ್ರೋಮೋಲ್‌ಗೆ ಒಂದು ಮೋಲ್) ಗುಣಿಸಿದರೆ ಇಡೀ ದಿನದ ಊಟ ಎಷ್ಟು ಅಂತ ಗೊತ್ತಾಗುತ್ತದೆ. 14 ಗಂಟೆ ಉರಿಸಿದರೆ ದಿನಕ್ಕೆ ಎಂಟೂವರೆ ಮೋಲ್. ಬೇಸಿಗೆಯ ತಿಳಿ ದಿನ ಬೆಂಗಳೂರಿನ ಟೆರೇಸ್ ಮೇಲೆ 40 ಮೋಲ್ ದಾಟುತ್ತದೆ. ಎಂಥ ಅಂತರ ನೋಡಿ. ಆದರೂ ನಾಲ್ಕೈದು ಮೋಲ್ ಸಿಕ್ಕರೆ ನೆರಳಿನ ಗಿಡಗಳು ಚೆನ್ನಾಗಿ ಬೆಳೆಯುತ್ತವೆ. ಎಂಟರಿಂದ ಹತ್ತು ಸಿಕ್ಕರೆ ಫೈಕಸ್ ತನ್ನ ರೂಪ ಕಾಪಾಡಿಕೊಳ್ಳುತ್ತದೆ. ಅದಕ್ಕಿಂತ ಮುಂದೆ ಹೋಗಿ ಕಾಂಡ ದಪ್ಪ ಆಗಬೇಕು, ಬಿಳಲು ಇಳಿಯಬೇಕು ಅಂದರೆ ಟೆರೇಸೇ ಬೇಕು. ದೀಪದ ಕೆಳಗೆ ಮರವನ್ನು ಕಾಯಬಹುದು, ಕಟ್ಟುವುದು ಕಷ್ಟ.

ಹಾಗಾದರೆ 24 ಗಂಟೆಯೂ ಉರಿಸಿದರೆ ಆಗಲ್ವಾ? ಬೇಡ. ಗಿಡಕ್ಕೆ ಕತ್ತಲೂ ಬೇಕು. ರಾತ್ರಿ ಎಷ್ಟು ಉದ್ದ ಅನ್ನುವುದನ್ನು ಗಿಡ ಲೆಕ್ಕ ಇಡುತ್ತದೆ. ಹಗಲಿನ ಉದ್ದಕ್ಕೆ ತಕ್ಕಂತೆ ಗಿಡ ಹೂ ಬಿಡುತ್ತದೆ ಅಂತ 1920ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲಾರ್ಡ್ ಸ್ಪಷ್ಟವಾಗಿ ತೋರಿಸಿದರು, ಗಿಡ ಲೆಕ್ಕ ಇಡುವುದು ರಾತ್ರಿಯನ್ನು ಅನ್ನುವುದು ಗೊತ್ತಾದದ್ದು ಆಮೇಲೆ. ನಮ್ಮ ರೈತರಿಗೆ ಇದು ದಿನದ ಕೆಲಸ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋಗುವಾಗ ಸೇವಂತಿಗೆ ಹೊಲಗಳಲ್ಲಿ ಸಾಲು ಸಾಲು ಬಲ್ಬು ಉರಿಯುವುದು ಕಾಣುತ್ತದೆ. ಸೇವಂತಿಗೆ ರಾತ್ರಿ ಉದ್ದವಾದಾಗ ಹೂ ಬಿಡುವ ಗಿಡ. ರಾತ್ರಿಯನ್ನು ಬಲ್ಬಿನಿಂದ ತುಂಡರಿಸಿದರೆ ಇನ್ನೂ ಕಾಲ ಬಂದಿಲ್ಲ ಅಂದುಕೊಂಡು ಬರೀ ಎಲೆ, ಕಾಂಡ ಬೆಳೆಸುತ್ತದೆ. ಮಾರುಕಟ್ಟೆಗೆ ಬೇಕಾದ ಹೊತ್ತಿಗೆ ದೀಪ ನಿಲ್ಲಿಸಿದರೆ ಮೊಗ್ಗು ಬರುತ್ತದೆ. ಅಲ್ಲಿಗೆ ಸಾಕಾಗುವುದು ಮಂದ ಬೆಳಕು, ಯಾಕಂದರೆ ಅದು ಊಟವಲ್ಲ, ಬರೀ ಸಂಕೇತ. ಮನೆಯಲ್ಲಿ ಕಲಾಂಚೋ, ಪಾಯಿನ್‌ಸೆಟ್ಟಿಯಾ ಇಟ್ಟುಕೊಂಡು ರಾತ್ರಿ ಹನ್ನೊಂದರವರೆಗೆ ಹಾಲ್‌ನ ಲೈಟ್ ಉರಿಸುವವರಿಗೆ ಹೂ ಯಾಕೆ ಬರಲಿಲ್ಲ ಅನ್ನುವುದಕ್ಕೆ ಉತ್ತರವೂ ಇಲ್ಲೇ ಇದೆ. ಫೈಕಸ್‌ಗೆ ಈ ತಕರಾರಿಲ್ಲ. ಆದರೂ 12ರಿಂದ 14 ಗಂಟೆ ಬೆಳಕು, ಉಳಿದದ್ದು ಕತ್ತಲು ಅನ್ನುವುದು ಹೂವಿಗೆ ಉದ್ದ ರಾತ್ರಿ ಕೇಳದ ಗಿಡಗಳಿಗೆಲ್ಲ ಒಗ್ಗುವ ಕ್ರಮ. ಟೈಮರ್ ಹಾಕಿ ಮರೆತುಬಿಡಿ. ಸ್ವಿಚ್ ಹಾಕುವುದನ್ನು ನೆನಪಿಗೆ ಬಿಟ್ಟರೆ ಒಂದು ದಿನ 8 ಗಂಟೆ, ಇನ್ನೊಂದು ದಿನ 17 ಗಂಟೆ ಆಗುತ್ತದೆ.

ದೀಪದ ಕೆಳಗಿನ ಬೋನ್ಸಾಯ್‌ಗೆ ಮಾತ್ರ ಇರುವ ಒಂದು ತೊಂದರೆ ಇದೆ. ಸೂರ್ಯನಿಗೆ ಮರದ ನೆತ್ತಿಯೂ ಒಂದೇ, ಕೆಳಗಿನ ಕೊಂಬೆಯೂ ಒಂದೇ. ಅರ್ಧ ಅಡಿ ಮೇಲಿರುವ ಟ್ಯೂಬಿಗೆ ಹಾಗಲ್ಲ. ಒಂದಡಿ ಎತ್ತರದ ಮರವಾದರೆ ನೆತ್ತಿಗೆ 12 ಸಾವಿರ ಸಿಗುವಾಗ ಕೆಳಗಿನ ಕೊಂಬೆಗೆ ಮೂರೋ ನಾಲ್ಕೋ ಸಾವಿರ ಸಿಗುತ್ತದೆ, ಮೇಲಿನ ಎಲೆಗಳ ನೆರಳು ಬೇರೆ. ಫೈಕಸ್ ಮೊದಲೇ ತುದಿಗೆ ಬಲ ಹಾಕುವ ಮರ. ಹೀಗೇ ಬಿಟ್ಟರೆ ನೆತ್ತಿ ಕೊಡೆಯ ಹಾಗೆ ಹರಡಿ, ಕೆಳಗಿನ ಕೊಂಬೆಗಳು ಒಂದೊಂದಾಗಿ ಒಣಗುತ್ತವೆ. ಒಮ್ಮೆ ಒಣಗಿದ ಕೆಳಗಿನ ಕೊಂಬೆಯನ್ನು ಅದೇ ಜಾಗದಲ್ಲಿ ಮತ್ತೆ ಬೆಳೆಸಲು ವರ್ಷಗಳು ಬೇಕು. ಅದಕ್ಕೆ ನೆತ್ತಿಯ ಚಿಗುರನ್ನು ಎರಡೆಲೆಗೆ ಚಿವುಟುತ್ತಲೇ ಇರಬೇಕು, ಕೆಳಗಿನ ಚಿಗುರನ್ನು ಉದ್ದಕ್ಕೆ ಬಿಡಬೇಕು. ಒಳಗಿನ ರೆಂಬೆಗೆ ಬೆಳಕು ಇಳಿಯುವ ಹಾಗೆ ದೊಡ್ಡ ಎಲೆಗಳನ್ನು ತೆಗೆಯಬೇಕು. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಬೇಕು. ನಾನು ಒಂದು ಚಿಕ್ಕ ಟ್ಯೂಬನ್ನು ರ‍್ಯಾಕಿನ ಕಂಬಕ್ಕೆ ಅಡ್ಡಲಾಗಿ, ಕೆಳಗಿನ ಕೊಂಬೆಯ ಎತ್ತರದಲ್ಲಿ ಕಟ್ಟಿದ್ದೇನೆ. ಬೋನ್ಸಾಯ್ ಇಡುವವರಿಗೆ ಐದನೇ ಟ್ಯೂಬ್ ಮೇಲೆ ಹಾಕುವುದಕ್ಕಿಂತ ಹೀಗೆ ಪಕ್ಕಕ್ಕೆ ಹಾಕುವುದೇ ಲಾಭ ಅಂತ ಖಂಡಿತವಾಗಿ ಹೇಳುತ್ತೇನೆ.

ಕರೆಂಟಿನ ಲೆಕ್ಕ ಜಾಸ್ತಿ ಹೊತ್ತು ಬೇಡ. ಮೇಲಿನ ನಾಲ್ಕು ಬ್ಯಾಟನ್ ಸೇರಿ 80 ವ್ಯಾಟ್, 14 ಗಂಟೆ, ದಿನಕ್ಕೆ ಒಂದು ಯೂನಿಟ್ ಚಿಲ್ಲರೆ, ತಿಂಗಳಿಗೆ ಸುಮಾರು 34 ಯೂನಿಟ್. ಗೃಹಜ್ಯೋತಿಯಲ್ಲಿರುವವರು ಇದನ್ನು ಕೂಡಿಸಿ ನೋಡಿಕೊಳ್ಳಲಿ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಬರುತ್ತದೆ. ಕಿಟಕಿ ಪಕ್ಕ ಇಟ್ಟು, ಹಗಲಿನ ಬೆಳಕು ಬಳಸಿಕೊಂಡು, ಟ್ಯೂಬನ್ನು ಬೆಳಿಗ್ಗೆ ಮತ್ತು ಸಂಜೆ ಮಾತ್ರ ಉರಿಸಿದರೆ ಇದು ಅರ್ಧಕ್ಕೆ ಇಳಿಯುತ್ತದೆ.

ನೀರು ಮತ್ತು ಕರೆಂಟು ಒಂದೇ ಶೆಲ್ಫಿನಲ್ಲಿ ಇರುವುದರಿಂದ ಇದೊಂದು ವಿಷಯದಲ್ಲಿ ಉದಾಸೀನ ಬೇಡ. ಎಕ್ಸ್‌ಟೆನ್ಷನ್ ಬಾಕ್ಸ್ ನೆಲದ ಮೇಲೆ, ಕುಂಡದ ಕೆಳಗೆ ಇರಬಾರದು. ಗೋಡೆಗೆ, ಗಿಡಕ್ಕಿಂತ ಎತ್ತರದಲ್ಲಿ ಹೊಡೆಯಿರಿ. ವೈರು ಪ್ಲಗ್‌ಗೆ ಸೇರುವ ಮುಂಚೆ ಕೆಳಗೆ ಒಂದು ಬಳಸು ಇಳಿದು ಮೇಲೆ ಹೋಗಲಿ, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕಬ್ಬಿಣದ ರ‍್ಯಾಕ್ ಆದರೆ ಅರ್ಥಿಂಗ್ ಮಾಡಿಸಿ, ಆ ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ನೀರು ಹಾಕುವಾಗ, ಸ್ಪ್ರೇ ಮಾಡುವಾಗ ಸ್ವಿಚ್ ಆಫ್.

ದೀಪ ಇರುವುದು ಮನೆಯಲ್ಲಿ, ಮನೆಯಲ್ಲಿ ಜನ ಇರುತ್ತಾರೆ. ನೇರಳೆ ಬಣ್ಣದ ಬೆಳಕಿನಲ್ಲಿ ಎಲೆ ಕಪ್ಪಾಗಿ ಕಾಣುತ್ತದೆ. ಎಲೆ ಹಳದಿಯಾಗಿದೆಯಾ, ಹುಳ ಬಿದ್ದಿದೆಯಾ, ಏನೂ ತಿಳಿಯುವುದಿಲ್ಲ. ಗಿಡವನ್ನು ನೋಡಿ ಖುಷಿ ಪಡಲು ತಾನೇ ಒಳಗೆ ಇಟ್ಟುಕೊಳ್ಳುವುದು? ಹಾಲ್‌ನಲ್ಲಿ ಇಡುವವರಿಗೆ 4000 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ, ನೂರಕ್ಕೆ) 90ರ ಆಸುಪಾಸಿನ ಟ್ಯೂಬ್ ಒಳ್ಳೆಯದು. ಬೆಲೆ ಸ್ವಲ್ಪ ಜಾಸ್ತಿ, ಆದರೆ ಫೈಕಸ್‌ನ ಬೂದು ತೊಗಟೆ, ಹೊಸ ಚಿಗುರಿನ ಕೆಂಪು ಎಲ್ಲ ಇದ್ದ ಹಾಗೇ ಕಾಣುತ್ತದೆ. ಸೋಫಾದಲ್ಲಿ ಕೂತವರ ಕಣ್ಣಿಗೆ ಟ್ಯೂಬ್ ನೇರ ಬೀಳದಂತೆ ರ‍್ಯಾಕಿನ ಮುಂದಕ್ಕೆ ನಾಲ್ಕು ಬೆರಳು ಅಗಲದ ಪಟ್ಟಿ ಹೊಡೆಸಿದರೆ ಸಾಕು. ಅದರ ಒಳಮೈಯೂ ಬಿಳಿಯಾಗಿರಲಿ.

ಹೊಸ ಗಿಡ ತಂದಾಗ ಒಂದು ವಿಷಯ ನೆನಪಿಡಬೇಕು. ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲಿ ಗಿಡ ಇರುವುದು ಹಸಿರು ಶೇಡ್ ನೆಟ್ ಕೆಳಗೆ. ನೆರಳು ಅನ್ನಿಸಿದರೂ ಅಲ್ಲಿ ಹತ್ತಾರು ಸಾವಿರ ಲಕ್ಸ್ ಇರುತ್ತದೆ. ಆ ಬೆಳಕಿಗೆ ತಯಾರಾದ ಎಲೆ ಮನೆಯೊಳಗೆ ಬಂದರೆ ಸ್ವಲ್ಪ ಉದುರಿಯೇ ಉದುರುತ್ತದೆ, ಬೆಂಜಮಿನಾ ಫೈಕಸ್ ಅಂತೂ ಜಾಗ ಬದಲಿಸಿದ್ದಕ್ಕೇ ಉದುರಿಸುತ್ತದೆ. ಗಾಬರಿಯಾಗಿ ಗೊಬ್ಬರ ಹಾಕಬೇಡಿ. ನೀರು ಕಡಿಮೆ ಮಾಡಿ, ಲೈಟ್ ಕೆಳಗೆ ಇಟ್ಟು, ಹೊಸ ಎಲೆಗೆ ಕಾಯಿರಿ. ಹೊಸ ಎಲೆ ಈ ಬೆಳಕಿಗೇ ಹೇಳಿ ಮಾಡಿಸಿದ ಹಾಗೆ ಬರುತ್ತದೆ.

ತಿರುಗಿ ಹೊರಗೆ ಒಯ್ಯುವಾಗ ಇದೇ ಮಾತು ಇನ್ನೂ ಜೋರಾಗಿ ಅನ್ವಯಿಸುತ್ತದೆ. ಮಳೆ ನಿಂತು ಅಕ್ಟೋಬರ್, ನವೆಂಬರ್ ಹೊತ್ತಿಗೆ ಆಕಾಶ ತಿಳಿಯಾದಾಗ ಫೈಕಸ್ ಅನ್ನು ಟೆರೇಸ್‌ಗೆ ಹತ್ತಿಸುತ್ತೇನೆ. ಲೈಟ್ ಕೆಳಗೆ ಬಂದ ಎಲೆ 12 ಸಾವಿರ ಲಕ್ಸ್ ಮಾತ್ರ ಕಂಡದ್ದು, ಒಂದೇ ಸಲ ಲಕ್ಷಕ್ಕೆ ಒಡ್ಡಿದರೆ ಒಂದು ಮಧ್ಯಾಹ್ನದಲ್ಲೇ ಸುಟ್ಟು ಬೂದು ಬಣ್ಣಕ್ಕೆ ತಿರುಗುತ್ತದೆ. ಮೊದಲ ವಾರ ನೀರಿನ ಟ್ಯಾಂಕಿನ ನೆರಳಿನಲ್ಲಿ. ಎರಡನೇ ವಾರ ಬೆಳಗಿನ ಬಿಸಿಲು ಎರಡು ಗಂಟೆ. ಮೂರನೇ ವಾರ ಹನ್ನೊಂದರವರೆಗೆ. ಆ ಹೊತ್ತಿಗೆ ಹೊಸ ಚಿಗುರು ಒಡೆದಿರುತ್ತದೆ, ಆಮೇಲೆ ಪೂರ್ತಿ ಬಿಸಿಲಿಗೆ. ರ‍್ಯಾಕಿನ ಟ್ಯೂಬುಗಳ ಮೇಲೆ ಅಷ್ಟರಲ್ಲಿ ಧೂಳು ಕೂತಿರುತ್ತದೆ. ಪ್ಲಗ್ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ನಡುವಿನ ಜಾಗಕ್ಕೆ ಪೀಸ್ ಲಿಲಿ, ಜರಿಗಿಡಗಳನ್ನು ಸರಿಸುತ್ತೇನೆ. ಅವಕ್ಕೆ ಎರಡು ಟ್ಯೂಬ್ ಸಾಕು, ಉಳಿದೆರಡು ಮುಂದಿನ ಜೂನ್‌ವರೆಗೆ ಆಫ್.